ತೆಂಗಿನ ತೋಟಕ್ಕೆ ಪಂಪ್ ಆಕ್ಷನ್ ಬಂದೂಕು: ಕಾನೂನು ಏನು ಹೇಳುತ್ತದೆ?

ಚಿಕ್ಕನಾಯಕನಹಳ್ಳಿ: ಎಳೆಯ ತೆಂಗಿನ ಸಸಿಯ ಬುಡವನ್ನು ಕಾಡುಹಂದಿ ಒಂದೇ ರಾತ್ರಿಯಲ್ಲಿ ಬಗೆದು ಹಾಕುತ್ತದೆ. ಫಸಲಿಗೆ ಬಂದ ಮರದ ಎಳನೀರನ್ನು ಕೋತಿಗಳ ಹಿಂಡು ಹಾಡಹಗಲೇ ಕಿತ್ತು ಬಿಸಾಡುತ್ತದೆ. ಕಡಲೆಕಾಯಿ ಹೊಲಕ್ಕೆ ನವಿಲು ಇಳಿಯುತ್ತದೆ. ಗುಡ್ಡದಂಚಿನ ತೋಟಗಳಿಗೆ ಕರಡಿ, ಚಿರತೆಗಳ ಭಯ ಬೇರೆ. ಹುಳಿಯಾರು, ಕಂದಿಕೆರೆ, ಹಂದನಕೆರೆ, ಶೆಟ್ಟಿಕೆರೆ ಹೋಬಳಿಗಳ ತೆಂಗು ಬೆಳೆಗಾರರಿಗೆ ಇದಾವುದೂ ಹೊಸ ಸಂಗತಿಯಲ್ಲ. ಇಂತಹ ಊರುಗಳಲ್ಲಿ ‘ಒಂದು ಕೋವಿ ಇದ್ದಿದ್ದರೆ’ ಎಂಬ ಮಾತು ಬಾರದಿದ್ದರೆ ಆಶ್ಚರ್ಯ.

ಆ ಮಾತಿನಲ್ಲಿ ಹಿಂದೆ ಕೇಪಿನ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆಗಳ ಹೆಸರಷ್ಟೇ ಕೇಳಿಬರುತ್ತಿದ್ದವು. ಸಿನಿಮಾಗಳಲ್ಲಿಯೂ ಹಣ ಸಾಗಿಸುವ ವಾಹನಗಳ ಕಾವಲುಗಾರರ ಕೈಯಲ್ಲಿಯೂ ಕಂಡ ಪಂಪ್ ಆಕ್ಷನ್ ಬಂದೂಕು ಈಗ ಆ ಪಟ್ಟಿಗೆ ಸೇರಿದೆ. ಒಂದರ ಹಿಂದೊಂದು ನಾಲ್ಕೈದು ತೋಟಾ ಹಾರಿಸಬಹುದಾದ ಈ ಬಂದೂಕನ್ನು ಸಾಮಾನ್ಯ ನಾಗರಿಕನೊಬ್ಬ ಹೊಂದಬಹುದೇ? ಹೊಂದಿದರೆ ತೋಟದಲ್ಲಿ ಅದನ್ನು ಯಾವುದರ ಮೇಲೆ ಹಾರಿಸಬಹುದು?

ಮೊದಲನೆಯ ಪ್ರಶ್ನೆಗೆ ಉತ್ತರ, ಪರವಾನಗಿ ದೊರೆತರೆ ಹೊಂದಬಹುದು ಎಂಬುದು. ಎರಡನೆಯದಕ್ಕೆ ಉತ್ತರ ಬಹುಮಟ್ಟಿಗೆ ನಿರಾಶಾದಾಯಕ. ಬಂದೂಕು ಇಟ್ಟುಕೊಳ್ಳುವುದಕ್ಕೆ ಒಂದು ಕಾನೂನು, ಅದನ್ನು ಪ್ರಾಣಿಯ ಮೇಲೆ ಹಾರಿಸುವುದಕ್ಕೆ ಮತ್ತೊಂದು ಕಾನೂನು. ಜಿಲ್ಲಾಧಿಕಾರಿ ಕಚೇರಿಯಿಂದ ಪಡೆದ ಪರವಾನಗಿ ಪುಸ್ತಕವನ್ನೇ ಬೇಟೆಯ ಅನುಮತಿ ಎಂದು ಭಾವಿಸಿ ಟ್ರಿಗರ್ ಎಳೆದವರು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪಾರಾದರೂ ವನ್ಯಜೀವಿ ಕಾಯ್ದೆಯಲ್ಲಿ ಸಿಲುಕುತ್ತಾರೆ.

ಪಂಪ್ ಆಕ್ಷನ್ ಎಂದರೇನು?

ಇದು ನಯ ನಳಿಗೆಯ ಬಂದೂಕು. ರೈಫಲ್ಲಿನ ನಳಿಗೆಯೊಳಗೆ ಇರುವ ಸುರುಳಿ ಗೀರುಗಳು ಇದರಲ್ಲಿ ಇರುವುದಿಲ್ಲ. ನಳಿಗೆಯ ಕೆಳಗೆ ಸಮಾನಾಂತರವಾಗಿ ಇನ್ನೊಂದು ಕೊಳವೆ ಇದ್ದು, ತೋಟಾಗಳು ಅದರಲ್ಲಿ ಸಾಲಾಗಿ ಕೂರುತ್ತವೆ. ಎಡಗೈ ಹಿಡಿಯುವ ಹಿಡಿಕೆಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ. ಮುಂದಕ್ಕೆ ತಳ್ಳಿದರೆ ಹೊಸ ತೋಟಾ ನಳಿಗೆಗೆ ಏರಿ ಬೀಗ ಬೀಳುತ್ತದೆ. ಪ್ರತಿ ಗುಂಡಿಗೂ ಕೈಯಿಂದಲೇ ಈ ಕೆಲಸ ಮಾಡಬೇಕಾದ್ದರಿಂದ ಇದು ಸ್ವಯಂಚಾಲಿತವೂ ಅಲ್ಲ, ಅರೆ ಸ್ವಯಂಚಾಲಿತವೂ ಅಲ್ಲ. ಕಾನೂನಿನ ದೃಷ್ಟಿಯಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ವಿಂಚೆಸ್ಟರ್ 1897 ಈ ಮಾದರಿಯನ್ನು ಜನಪ್ರಿಯಗೊಳಿಸಿತು. ಆನಂತರ ಬಂದ ರೆಮಿಂಗ್ಟನ್ 870, ಮಾಸ್‌ಬರ್ಗ್ 500 ಮಾದರಿಗಳು ಲೋಕವಿಖ್ಯಾತ. ಆದರೆ ಭಾರತದಲ್ಲಿ 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರಿಗೆ ಬಂದೂಕು ಆಮದಿನ ಬಾಗಿಲು ಬಹುತೇಕ ಮುಚ್ಚಿರುವುದರಿಂದ ಇಲ್ಲಿ ಸಿಗುವುದು ದೇಶೀಯ ತಯಾರಿಕೆಯೇ. ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಗಳು 12 ಬೋರ್‌ನ ಪಂಪ್ ಆಕ್ಷನ್ ಬಂದೂಕನ್ನು ನಾಗರಿಕ ಮಾರುಕಟ್ಟೆಗೆ ತಂದಿವೆ. 2021ರ ಅಕ್ಟೋಬರ್ 1ರಂದು ಆರ್ಡ್ನೆನ್ಸ್ ಕಾರ್ಖಾನೆ ಮಂಡಳಿ ಏಳು ಕಂಪೆನಿಗಳಾಗಿ ವಿಭಜನೆಗೊಂಡ ಮೇಲೆ ಬಂದೂಕು ವಿಭಾಗವು ಕಾನ್ಪುರದಲ್ಲಿ ಕೇಂದ್ರ ಕಚೇರಿ ಇರುವ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪೆನಿಯ ಪಾಲಾಗಿದೆ.

ಅಂದಹಾಗೆ 12 ಬೋರ್ ಎಂಬುದು 12 ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡುಗಳನ್ನು ಎರೆದರೆ ಅದರಲ್ಲಿ ಒಂದರ ಗಾತ್ರ ಎಷ್ಟೋ ನಳಿಗೆಯ ವ್ಯಾಸ ಅಷ್ಟು, ಅಂದರೆ ಸುಮಾರು 18.5 ಮಿ.ಮೀ.

20 ಇಂಚಿನ ಗೆರೆ

ದೇಶದಲ್ಲಿ ನಾಗರಿಕರ ಬಂದೂಕುಗಳನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. 1878ರ ಬ್ರಿಟಿಷ್ ಕಾಯ್ದೆಯ ಸ್ಥಾನದಲ್ಲಿ ಬಂದ ಇದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಕೆಳಗಿನ 1962ರ ನಿಯಮಾವಳಿಯ ಬದಲಿಗೆ 2016ರಲ್ಲಿ ಹೊಸ ನಿಯಮಾವಳಿ ಬಂದಿದೆ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯನ್ನು ಇನ್ನಷ್ಟು ಬಿಗಿಗೊಳಿಸಿದೆ.

ಅಮೆರಿಕದಂತೆ ಬಂದೂಕು ಹೊಂದುವುದು ಇಲ್ಲಿ ಸಂವಿಧಾನದತ್ತ ಹಕ್ಕಲ್ಲ. ಅನಧಿಕೃತ ಬಂದೂಕುಗಳ ಹಾವಳಿಯ ಕುರಿತು 2023ರ ಫೆಬ್ರುವರಿಯಲ್ಲಿ ವಿಚಾರಣೆ ಕೈಗೆತ್ತಿಕೊಂಡಾಗ ಸುಪ್ರೀಂ ಕೋರ್ಟ್ ಕೂಡ ಈ ಮಾತನ್ನೇ ಆಡಿತ್ತು. ಹಾಗೆಂದು ಕಾಯ್ದೆ ರೈತನನ್ನು ಪೂರ್ತಿ ಮರೆತಿಲ್ಲ. ಕಲಂ 13ರ 3ನೇ ಉಪಕಲಂ ಓದಿದವರಿಗೆ ಇದು ಅರಿವಾಗುತ್ತದೆ. ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯ ನಳಿಗೆ ಬಂದೂಕಿಗೆ, ಹಾಗೂ ನೈಜ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡತಕ್ಕದ್ದು ಎಂಬ ಧಾಟಿಯಲ್ಲಿಯೇ ಈ ಉಪಕಲಂ ಇದೆ. ಪಿಸ್ತೂಲು, ರೈಫಲ್ಲುಗಳಿಗಾದರೆ ‘ಸಕಾರಣ’ವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು.

ಬೆಳೆ ರಕ್ಷಣೆಗೆ ಕಾನೂನು ಮೊದಲು ತೋರಿಸುವುದು ಕೇಪಿನ ಕೋವಿಯನ್ನು ಎಂಬುದನ್ನು ಇಲ್ಲಿ ಗಮನಿಸಬೇಕು. ಒಂದು ಈಡು ಹಾರಿಸಿದ ಮೇಲೆ ಮತ್ತೆ ಮದ್ದು ಇಟ್ಟು, ಗಜ ಹಾಕಿ ಜಡಿದು, ಕೇಪು ಕೂರಿಸುವಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತದೆ. ಸ್ಥಳೀಯ ಪರಿಸ್ಥಿತಿಯಲ್ಲಿ ಇಂತಹ ಕೋವಿ ಸಾಲದೆಂದು ಅಧಿಕಾರಿಗೆ ತೋರಿದರೆ ಬೇರೆ ನಯ ನಳಿಗೆ ಬಂದೂಕಿಗೂ ಪರವಾನಗಿ ಕೊಡಬಹುದು ಎಂದು ಅದೇ ಕಲಂ ಅವಕಾಶ ಮಾಡಿದೆ. ಇಲ್ಲಿ ಇರುವುದು ‘ಕೊಡತಕ್ಕದ್ದು’ ಅಲ್ಲ, ‘ಕೊಡಬಹುದು’. ಬೆಳೆ ರಕ್ಷಣೆಯ ಹೆಸರಿನಲ್ಲಿ ಪಂಪ್ ಆಕ್ಷನ್ ಕೇಳುವವರು ನಿಲ್ಲುವುದು ಈ ‘ಬಹುದು’ವಿನ ಮುಂದೆ.

ನಿಯಮಾವಳಿಯ ಒಂದನೇ ಅನುಸೂಚಿಯಲ್ಲಿ ಅರೆ ಸ್ವಯಂಚಾಲಿತ ಬಂದೂಕುಗಳನ್ನೂ 20 ಇಂಚಿಗಿಂತ ಗಿಡ್ಡ ನಳಿಗೆಯ ನಯ ಬಂದೂಕುಗಳನ್ನೂ ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ ಸೇರಿಸಲಾಗಿದೆ. ಆದ್ದರಿಂದ ಉದ್ದ ನಳಿಗೆಯ ಪಂಪ್ ಆಕ್ಷನ್ ಕಾನೂನಿನ ಈಚೆ ದಡದಲ್ಲಿದ್ದರೆ, ಅದೇ ಬಂದೂಕಿನ ನಳಿಗೆ ಕೊಯ್ದು ಗಿಡ್ಡ ಮಾಡಿಸಿದರೆ ಆಚೆ ದಡ ಸೇರುತ್ತದೆ. ಅನುಮತಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದನ್ನು ಕಲಂ 6 ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಕುಲುಮೆಯಲ್ಲಿ ಅರ್ಧ ಗಂಟೆಯ ಕೆಲಸಕ್ಕೆ ಇಷ್ಟೊಂದು ಬೆಲೆ ತೆರಬೇಕಾಗುತ್ತದೆಂದು ಬಹಳ ಜನಕ್ಕೆ ತಿಳಿದಿಲ್ಲ.

ಅರ್ಜಿಯ ಹಾದಿ

ಚಿಕ್ಕನಾಯಕನಹಳ್ಳಿಯವರಿಗೆ ಪರವಾನಗಿ ಪ್ರಾಧಿಕಾರವೆಂದರೆ ತುಮಕೂರಿನ ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿ. ಬೆಂಗಳೂರು ನಗರದಲ್ಲಿ ಈ ಅಧಿಕಾರ ಪೊಲೀಸ್ ಆಯುಕ್ತರದು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ನಮೂನೆ ಎ–1ರಲ್ಲಿ ಅರ್ಜಿ, ಗುರುತು ಮತ್ತು ವಿಳಾಸದ ದಾಖಲೆ, ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಬಂದೂಕನ್ನು ಸುರಕ್ಷಿತವಾಗಿ ಇಡುವೆನೆಂಬ ಮುಚ್ಚಳಿಕೆ, ಸುರಕ್ಷತಾ ತರಬೇತಿಯ ದಾಖಲೆ ಮುಂತಾದವು ಬೇಕು. ಬೆಳೆ ರಕ್ಷಣೆಯ ಕಾರಣ ನೀಡುವವರು ಪಹಣಿಯನ್ನೂ ಜೋಡಿಸುವುದು ಸಹಜ.

ಅರ್ಜಿ ಬಂದ ಮೇಲೆ ಸಮೀಪದ ಠಾಣೆಯಿಂದ ಪೊಲೀಸ್ ವರದಿ ತರಿಸಿಕೊಳ್ಳಲಾಗುತ್ತದೆ. ನಿಗದಿತ ಅವಧಿಯಲ್ಲಿ ವರದಿ ಬಾರದಿದ್ದರೆ ಅದಕ್ಕೆ ಕಾಯದೆ ತೀರ್ಮಾನಿಸುವ ಅಧಿಕಾರ ಪ್ರಾಧಿಕಾರಕ್ಕಿದೆಯಾದರೂ, ಬಂದೂಕಿನ ವಿಷಯದಲ್ಲಿ ಅಷ್ಟು ಧೈರ್ಯ ತೋರುವ ಅಧಿಕಾರಿಯನ್ನು ನಿರೀಕ್ಷಿಸುವುದು ಕಷ್ಟ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು ಕಲಂ 14 ಹೇಳುತ್ತದೆ. ಕೋವಿ ಎಂದರೆ ಗೌಡರ ಮನೆಯ ವಸ್ತು ಎಂಬ ಹಳ್ಳಿಯ ನಂಬಿಕೆಗೆ ಕಾಯ್ದೆಯಲ್ಲಿ ಆಧಾರವಿಲ್ಲವೆಂದಾಯಿತು. ತಿರಸ್ಕೃತವಾದರೆ ಕಲಂ 18ರ ಪ್ರಕಾರ ಮೇಲ್ಮನವಿಗೆ ಅವಕಾಶವಿದೆ.

ಪರವಾನಗಿಯ ಅವಧಿ ಈಗ 5 ವರ್ಷ. 2019ಕ್ಕೆ ಮೊದಲು 3 ವರ್ಷವಿತ್ತು. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಅದೇ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. ರಾಷ್ಟ್ರೀಯ ದತ್ತಾಂಶದಲ್ಲಿ ನೋಂದಣಿಯಾಗಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯದ ಪರವಾನಗಿಗೆ ಮಾನ್ಯತೆ ಇಲ್ಲ. ಅಜ್ಜನ ಕಾಲದ ಕೆಂಪು ಪುಸ್ತಕವನ್ನು ಬೀರುವಿನಲ್ಲಿ ಭದ್ರವಾಗಿಟ್ಟುಕೊಂಡು, ಆ ಸಂಖ್ಯೆ ಇದೆಯೇ ಎಂದು ನೋಡದವರು ಒಮ್ಮೆ ತೆರೆದು ನೋಡುವುದು ಒಳಿತು.

ಪುಸ್ತಕದಲ್ಲಿ ಬಂದೂಕಿನ ಮಾದರಿ, ಸಂಖ್ಯೆ, ಒಂದು ಸಲಕ್ಕೂ ಒಂದು ವರ್ಷಕ್ಕೂ ಕೊಳ್ಳಬಹುದಾದ ತೋಟಾಗಳ ಪ್ರಮಾಣ, ಪರವಾನಗಿ ನಡೆಯುವ ಪ್ರದೇಶ ಇಷ್ಟೂ ನಮೂದಾಗಿರುತ್ತವೆ. ಬೆಳೆ ರಕ್ಷಣೆಗೆಂದು ಪಡೆದ ಬಂದೂಕನ್ನು ಕಾರಿನಲ್ಲಿಟ್ಟುಕೊಂಡು ಮದುವೆಗೆ ಹೋಗುವುದು ಪರವಾನಗಿಯ ಷರತ್ತಿನ ಉಲ್ಲಂಘನೆ. ಇದಕ್ಕೆ ಕಲಂ 30ರಲ್ಲಿ 6 ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಇವೆ. ಮದುವೆ, ಜಾತ್ರೆ, ವಿಜಯೋತ್ಸವಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸುವ ಹೊಸ ಅಂಶವನ್ನು 2019ರಲ್ಲಿ ಸೇರಿಸಲಾಗಿದೆ. ನಿರ್ಲಕ್ಷ್ಯದಿಂದ ಗುಂಡು ಹಾರಿಸಿದರೂ ಇದೇ ಅಂಶ ಅನ್ವಯ. ಮನೆಗಳ ನಡುವೆ ತೋಟ ಮಾಡಿರುವವರು ಇದನ್ನು ಮರೆಯುವಂತಿಲ್ಲ.

ಕೂಲಿಯಾಳಿನ ಕೈಗೆ ಬಂದೂಕು ಕೊಟ್ಟು ರಾತ್ರಿ ಕಾವಲಿಗೆ ಕಳುಹಿಸುವುದು ಇನ್ನೊಂದು ತಪ್ಪು. ಪರವಾನಗಿದಾರ ಜೊತೆಯಲ್ಲಿದ್ದಾಗ, ಅಥವಾ ರಿಪೇರಿ, ನವೀಕರಣದಂತಹ ಕೆಲಸಕ್ಕೆ ಅವನ ಲಿಖಿತ ಅಧಿಕಾರದೊಡನೆ ಮಾತ್ರ ಬೇರೊಬ್ಬರು ಅದನ್ನು ಒಯ್ಯಬಹುದು. ತೋಟದ ಆಳು ಒಬ್ಬನೇ ಬಂದೂಕಿನೊಡನೆ ಸಿಕ್ಕಿಬಿದ್ದರೆ, ಆಳಿನ ಪಾಲಿಗೆ ಅದು ಪರವಾನಗಿ ಇಲ್ಲದ ಬಂದೂಕೇ. ಇದಕ್ಕೆ 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗೆ ವಿಸ್ತರಿಸಬಹುದಾದ ಸೆರೆವಾಸವಿದೆ.

ಯಾವುದಕ್ಕೆ ಗುರಿ?

ಪರವಾನಗಿ ಕೈಸೇರಿತು, ಬಂದೂಕು ಮನೆಗೆ ಬಂತು. ತೋಟದಲ್ಲಿ ಕೋತಿ ಕುಳಿತಿದೆ. ಎರಡನೆಯ ಕಾನೂನು ಎದುರಾಗುವುದು ಇಲ್ಲಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 9 ಬೇಟೆಯನ್ನು ನಿಷೇಧಿಸುತ್ತದೆ. ಬೇಟೆ ಎಂಬ ಪದದ ವ್ಯಾಖ್ಯೆ ಎಷ್ಟು ವಿಶಾಲವಾಗಿದೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಉರುಳು ಒಡ್ಡುವುದು, ಕೊಲ್ಲುವ ಪ್ರಯತ್ನ ಮಾಡುವುದೂ ಅದರಲ್ಲಿ ಸೇರಿವೆ. ಗುರಿ ತಪ್ಪಿದ್ದರಿಂದ ಅಪರಾಧವೂ ತಪ್ಪಿತೆಂದು ಭಾವಿಸುವಂತಿಲ್ಲ.

2022ರಲ್ಲಿ ಈ ಕಾಯ್ದೆಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳು ಆರರಿಂದ ನಾಲ್ಕಕ್ಕೆ ಇಳಿದವು. ತೆಂಗಿನ ಸೀಮೆಯ ಪ್ರಾಣಿಗಳನ್ನು ಈ ಹೊಸ ಪಟ್ಟಿಯಲ್ಲಿ ಹುಡುಕಿದರೆ ರೈತನ ಇಕ್ಕಟ್ಟು ಸ್ಪಷ್ಟವಾಗುತ್ತದೆ. ಚಿರತೆ, ಕರಡಿ, ನವಿಲು ಒಂದನೇ ಅನುಸೂಚಿಯಲ್ಲಿವೆ. ನಮ್ಮ ಊರುಗಳ ಸಾಮಾನ್ಯ ಕೋತಿಯೂ ಅದೇ ಅನುಸೂಚಿಯಲ್ಲಿದೆ. ಕಾಡುಹಂದಿ ಎರಡನೆಯದರಲ್ಲಿದೆ.

ಒಂದನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ನೀಡಬಲ್ಲವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ. ಅದೂ ಆ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯಕಾರಿಯಾಗಿದ್ದರೆ, ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ರೋಗಗ್ರಸ್ತ ಅಥವಾ ಊನವಾಗಿದ್ದರೆ. ಬೆಳೆ ಹಾನಿ ಈ ಪಟ್ಟಿಯಲ್ಲಿ ಇಲ್ಲ. ಎರಡನೇ ಅನುಸೂಚಿಯ ಪ್ರಾಣಿಯಾದರೆ ಜೀವದ ಜೊತೆಗೆ ಆಸ್ತಿಗೆ, ನಿಂತ ಬೆಳೆಗೆ ಅಪಾಯವೆಂಬ ಕಾರಣಕ್ಕೂ ಲಿಖಿತ ಆದೇಶ ನೀಡಬಹುದು. ಅಧಿಕೃತಗೊಳಿಸಿದ ಅಧಿಕಾರಿಯೂ ಇದನ್ನು ನೀಡಬಹುದು. ಹೀಗಾಗಿ ಕಾಡುಹಂದಿಯ ವಿಷಯದಲ್ಲಿ ಕಾನೂನಿನ ಕಿರುಬಾಗಿಲೊಂದು ತೆರೆದಿದೆ. ಎಳನೀರು ಕಿತ್ತೆಸೆಯುವ ಕೋತಿಯ ವಿಷಯದಲ್ಲಿ ಅದೂ ಇಲ್ಲ. ಕೋತಿಯನ್ನು ಒಂದನೇ ಅನುಸೂಚಿಯಿಂದ ಹೊರಗಿಡಬೇಕೆಂದು ನೆರೆಯ ಕೇರಳ ಸರ್ಕಾರ ಕೇಂದ್ರವನ್ನು ಒತ್ತಾಯಿಸುತ್ತಿರುವುದು ಇದೇ ಕಾರಣಕ್ಕೆ. ಅದೇ ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು.

ಪ್ರಾಣಿ ಮೈಮೇಲೆ ಎರಗಿ ಬಂದಾಗ ಸದ್ಭಾವನೆಯಿಂದ ಪ್ರಾಣರಕ್ಷಣೆಗಾಗಿ ಕೊಂದರೆ ಅದು ಅಪರಾಧವಲ್ಲ. ಕಳೇಬರ ಮಾತ್ರ ಸರ್ಕಾರದ ಸ್ವತ್ತು. 2019–20ರಲ್ಲಿ ತುಮಕೂರು ಜಿಲ್ಲೆಯ ಹೆಬ್ಬೂರು ಸುತ್ತಮುತ್ತ ಚಿರತೆ ದಾಳಿಗೆ ಜೀವಗಳು ಬಲಿಯಾದಾಗ ಊರವರು ಹೊತ್ತು ಮುಳುಗಿದ ಮೇಲೆ ಹೊರಬರಲು ಹೆದರುತ್ತಿದ್ದ ದಿನಗಳನ್ನು ಕಂಡವರಿಗೆ ಈ ವಿನಾಯಿತಿಯ ಬೆಲೆ ಗೊತ್ತು. ಆದರೆ ಅದು ಪ್ರಾಣಕ್ಕೆ ಇರುವ ವಿನಾಯಿತಿ. ತೆಂಗಿನಕಾಯಿಗೆ ಅದು ಅನ್ವಯಿಸದು.

ಒಂದನೇ ಅನುಸೂಚಿಯ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ ಮತ್ತು 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ಅಪರಾಧಕ್ಕೆ ಬಳಸಿದ ಬಂದೂಕು ಸರ್ಕಾರಕ್ಕೆ ಸೇರುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಶಿಕ್ಷೆಯಾದವನ ಶಸ್ತ್ರಾಸ್ತ್ರ ಪರವಾನಗಿ ರದ್ದುಪಡಿಸಿ, 5 ವರ್ಷ ಹೊಸ ಪರವಾನಗಿಗೆ ಅನರ್ಹಗೊಳಿಸುವ ಅಧಿಕಾರವನ್ನು ವನ್ಯಜೀವಿ ಕಾಯ್ದೆಯೇ ನ್ಯಾಯಾಲಯಕ್ಕೆ ನೀಡಿದೆ.

ಚಿಂಕಾರಾ ತಂದ ಬದಲಾವಣೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉತ್ತರ ಭಾಗದವರಿಗೆ ಸಂಬಂಧಿಸಿದ ಇನ್ನೊಂದು ವಿಚಾರ ಪರವಾನಗಿ ಕುರಿತ ಚರ್ಚೆಗಳಲ್ಲಿ ಬರುವುದೇ ಕಡಿಮೆ. 2019ರಲ್ಲಿ ನೆರೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಅರಣ್ಯವನ್ನು ಒಳಗೊಂಡು ಚಿಂಕಾರಾ ವನ್ಯಜೀವಿಧಾಮ ಘೋಷಣೆಯಾಯಿತು. ವನ್ಯಜೀವಿ ಕಾಯ್ದೆಯ ಕಲಂ 34ರಂತೆ ಯಾವುದೇ ವನ್ಯಜೀವಿಧಾಮದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಬಂದೂಕು ಪರವಾನಗಿದಾರರು ಘೋಷಣೆಯಾದ 3 ತಿಂಗಳೊಳಗೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಇಲ್ಲದೆ ಆ 10 ಕಿಲೋಮೀಟರ್ ಒಳಗೆ ಹೊಸ ಪರವಾನಗಿ ನೀಡುವಂತಿಲ್ಲ.

ಜಿಲ್ಲಾಧಿಕಾರಿ ಒಪ್ಪಿದರೂ ಸಾಲದು, ಪೊಲೀಸರು ಒಳ್ಳೆಯ ವರದಿ ಕೊಟ್ಟರೂ ಸಾಲದು ಎಂಬುದು ಇದರ ಅರ್ಥ. ಕಾಡಿಗೆ ಹತ್ತಿರವಿದ್ದಷ್ಟೂ ಪ್ರಾಣಿಗಳ ಕಾಟ ಹೆಚ್ಚು, ಕಾಡಿಗೆ ಹತ್ತಿರವಿದ್ದಷ್ಟೂ ಬಂದೂಕು ದೂರ. ರೈತನಿಗೆ ಇದು ವಿಪರೀತವೆನಿಸುವುದು ಸ್ವಾಭಾವಿಕ. ಬಯಲುಸೀಮೆಯಲ್ಲಿ ಉಳಿದಿರುವ ಬೆರಳೆಣಿಕೆಯ ಚಿಂಕಾರಾಗಳ ಕಡೆಯಿಂದ ನೋಡಿದರೆ ಈ ನಿಯಮ ಇಲ್ಲದಿದ್ದರೆ ಧಾಮ ಘೋಷಿಸಿಯೂ ಫಲವಿಲ್ಲ. ಪರವಾನಗಿ ಹೊತ್ತೇ ಆದರೂ ಅನುಮತಿಯಿಲ್ಲದೆ ಬಂದೂಕಿನೊಡನೆ ಧಾಮದೊಳಕ್ಕೆ ಕಾಲಿಡುವುದು ಬೇರೆಯೇ ಅಪರಾಧ.

ತೋಟದಲ್ಲಿ ಎಷ್ಟು ಉಪಯೋಗ?

ಕಾನೂನನ್ನು ಬದಿಗಿಟ್ಟು ಬರಿಯ ಉಪಯುಕ್ತತೆಯನ್ನು ನೋಡಿದರೂ ಪಂಪ್ ಆಕ್ಷನ್ ತೆಂಗಿನ ತೋಟಕ್ಕೆ ಹೇಳಿ ಮಾಡಿಸಿದ್ದೆನ್ನಲಾಗದು. 12 ಬೋರ್‌ನ ಚರೆ ತೋಟಾ ಪರಿಣಾಮಕಾರಿಯಾಗಿರುವುದು ಸುಮಾರು 30–40 ಮೀಟರ್‌ವರೆಗೆ. ಅದರಾಚೆ ಚರೆಗಳು ಹರಡಿ ಬಲ ಕಳೆದುಕೊಳ್ಳುತ್ತವೆ, ಆದರೆ ಬೀಳುವುದು ಇನ್ನೂ ಬಹಳ ದೂರ. ದಪ್ಪ ಚರೆ ನೂರಾರು ಮೀಟರ್ ಸಾಗಿ ಬಂದು ಯಾರ ಮನೆಯ ಹೆಂಚಿನ ಮೇಲೆ, ಯಾರ ತಲೆಯ ಮೇಲೆ ಬೀಳುತ್ತದೋ ಹೇಳಬರುವುದಿಲ್ಲ. ಮರದ ಸುಳಿಯಲ್ಲಿ ಕುಳಿತ ಕೋತಿಯತ್ತ ಹಾರಿಸಿದರೆ ಚರೆ ತಾಗುವುದು ಎಳೆಯ ಹೊಂಬಾಳೆಗೂ ಕಾಯಿಗೂ. ಪಕ್ಕದ ತೋಟದ ಮರದಲ್ಲಿ ಕಾಯಿ ಕೀಳುವವರು ಇದ್ದರಂತೂ ಮಾತೇ ಬೇಡ.

ಸುರಕ್ಷತೆಯ ದೃಷ್ಟಿಯಿಂದ ಈ ಬಂದೂಕಿಗೂ ಹಳೆಯ ಜೋಡಿ ನಳಿಗೆಗೂ ಒಂದು ಮುಖ್ಯ ಅಂತರವಿದೆ. ಜೋಡಿ ನಳಿಗೆಯನ್ನು ಮಡಿಚಿ ತೆರೆದರೆ ಎರಡೂ ತೋಟಾ ಕಣ್ಣಿಗೆ ಬೀಳುತ್ತವೆ. ಖಾಲಿಯೋ ತುಂಬಿದೆಯೋ ಎಂದು ಮನೆಯ ಹೆಂಗಸರು, ಮಕ್ಕಳಿಗೂ ದೂರದಿಂದಲೇ ತಿಳಿಯುತ್ತದೆ. ಪಂಪ್ ಆಕ್ಷನ್‌ನಲ್ಲಿ ತೋಟಾಗಳು ಕೊಳವೆಯ ಒಳಗೆ ಅಡಗಿರುತ್ತವೆ. ನಳಿಗೆಯಲ್ಲಿದ್ದ ಒಂದನ್ನು ತೆಗೆದವನು ಬಂದೂಕು ಖಾಲಿಯಾಯಿತೆಂದು ಭಾವಿಸಿ ಹಿಡಿಕೆಯನ್ನು ಎಳೆದು ತಳ್ಳಿದರೆ ಮತ್ತೊಂದು ತೋಟಾ ನಳಿಗೆಗೆ ಏರಿರುತ್ತದೆ. ಕೊಳವೆ ಮತ್ತು ನಳಿಗೆ ಎರಡನ್ನೂ ಬರಿದು ಮಾಡಿ, ಬೆರಳಿನಿಂದ ಮುಟ್ಟಿ ನೋಡಿದ ಮೇಲೆಯೇ ಒಳಗಿಡಬೇಕು. ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಬೇಕು. ಬಾಗಿಲ ಮೂಲೆಗೆ ಒರಗಿಸಿಡುವ ಅಭ್ಯಾಸ ಮುಚ್ಚಳಿಕೆಯ ಉಲ್ಲಂಘನೆ ಹೇಗೋ ಹಾಗೆ ಮನೆಮಂದಿಯ ಜೀವದೊಡನೆ ಆಡುವ ಆಟವೂ ಹೌದು.

ಹೊರದೇಶಗಳಲ್ಲಿ ಪಂಪ್ ಆಕ್ಷನ್ನನ್ನು ಹೆಸರಿಸಿಯೇ ಹತೋಟಿಗೆ ತಂದ ನಿದರ್ಶನಗಳಿವೆ. 1987ರ ಹಂಗರ್‌ಫರ್ಡ್ ಹತ್ಯಾಕಾಂಡದ ನಂತರ ಬ್ರಿಟನ್ 1988ರಲ್ಲಿ, ಸಾಮಾನ್ಯ ಶಾಟ್‌ಗನ್ ಪ್ರಮಾಣಪತ್ರದ ಮೇಲೆ ಹೊಂದುವ ಇಂತಹ ಬಂದೂಕಿನ ಕೊಳವೆಯಲ್ಲಿ ಎರಡಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದೆಂದು ನಿಯಮ ಮಾಡಿತು. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಹತರಾದ ಮೇಲೆ ಆಸ್ಟ್ರೇಲಿಯಾ ಇದನ್ನು ವಿಶೇಷ ವರ್ಗಕ್ಕೆ ಸೇರಿಸಿತು. ಐದು ತೋಟಾಗಳ ಮಿತಿಯ ಪಂಪ್ ಆಕ್ಷನ್ ಅಲ್ಲಿ ಮುಖ್ಯವಾಗಿ ನಿಜವಾದ ಅಗತ್ಯ ತೋರಿಸುವ ಕೃಷಿಕರಿಗೆ ದೊರೆಯುತ್ತದೆ. ನ್ಯೂಜಿಲೆಂಡ್ 2019ರ ಕ್ರೈಸ್ಟ್‌ಚರ್ಚ್ ದಾಳಿಯ ಬೆನ್ನಲ್ಲೇ ಐದಕ್ಕಿಂತ ಹೆಚ್ಚು ತೋಟಾ ಹಿಡಿಯುವ ಪಂಪ್ ಆಕ್ಷನ್‌ಗಳನ್ನು ನಿಷೇಧಿಸಿತು.

ಕೊಡಗಿನ ವಿನಾಯಿತಿ

ಈ ಸೀಮೆಯವರು ಕೇಳುವ ಸಾಮಾನ್ಯ ಪ್ರಶ್ನೆ, ಕೊಡಗಿನವರಿಗೆ ಪರವಾನಗಿ ಬೇಡವಂತಲ್ಲ ಎಂಬುದು. ಅದು ಅರ್ಧ ನಿಜ. ಬ್ರಿಟಿಷರ ಕಾಲದಿಂದ ಬಂದ ರಿಯಾಯಿತಿಯನ್ನು ಮುಂದುವರಿಸಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕಲಂ 3 ಮತ್ತು 4ರಿಂದ ವಿನಾಯಿತಿ ನೀಡಿದೆ. 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಲಾಯಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಸಂಪ್ರದಾಯ ಅಲ್ಲಿಯದು. ಅಲ್ಲಿ ಗುರಿಯಾಗುವ ಕಾಯಿ ಇಲ್ಲಿ ಕಾಯಬೇಕಾದ ಫಸಲು. ಆದರೆ ವಿನಾಯಿತಿ ಇರುವುದು ಶಸ್ತ್ರಾಸ್ತ್ರ ಕಾಯ್ದೆಯಿಂದ ಮಾತ್ರ. ಕಾಡುಪ್ರಾಣಿಯ ವಿಷಯದಲ್ಲಿ ಮಡಿಕೇರಿಗೂ ಚಿಕ್ಕನಾಯಕನಹಳ್ಳಿಗೂ ಕಾನೂನು ಒಂದೇ.

ಚುನಾವಣೆ ಬಂದಾಗ

ನೀತಿ ಸಂಹಿತೆ ಜಾರಿಯಾದೊಡನೆ ಪರವಾನಗಿದಾರರಿಗೆ ಠಾಣೆಯಿಂದ ಕರೆ ಬರುತ್ತದೆ. ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಯಾರು ಬಂದೂಕು ಠೇವಣಿ ಇಡಬೇಕೆಂದು ಪ್ರಕರಣವಾರು ನಿರ್ಧರಿಸಬೇಕು. ಎಲ್ಲರ ಬಂದೂಕನ್ನೂ ಒಟ್ಟಿಗೆ ತರಿಸಿಕೊಳ್ಳುವುದು ಸುಲಭವಾದ್ದರಿಂದ ಅದೇ ರೂಢಿಯಾಗಿದೆ ಎಂಬುದು ಕರಾವಳಿ, ಮಲೆನಾಡಿನ ಕೃಷಿಕರ ಹಳೆಯ ಆಕ್ಷೇಪ. ಬ್ಯಾಂಕ್ ಕಾವಲುಗಾರರಿಗೆ, ಸ್ಪರ್ಧೆಗಳಲ್ಲಿ ಭಾಗವಹಿಸುವ ಶೂಟರ್‌ಗಳಿಗೆ ವಿನಾಯಿತಿ ಇದೆ. ಫಲಿತಾಂಶ ಪ್ರಕಟವಾಗಿ ವಾರ ಕಳೆದ ಮೇಲೆ ಬಂದೂಕು ಹಿಂದಿರುಗಿಸಬೇಕು. 2023ರ ಮೇ ತಿಂಗಳ ವಿಧಾನಸಭೆ, 2024ರ ಏಪ್ರಿಲ್‌ನ ಲೋಕಸಭೆ ಮತದಾನಗಳೆರಡೂ ಬಿರುಬೇಸಿಗೆಯಲ್ಲಿ ನಡೆದವು. ನೀರು ಹಾಯಿಸಿದ ತೋಟದ ಹಸಿ ಮಣ್ಣನ್ನು ಹುಡುಕಿಕೊಂಡು ಹಂದಿಗಳು ಬರುವ ಕಾಲವೂ ಅದೇ. ಠೇವಣಿ ಇಟ್ಟವರು ಬಂದೂಕಿನ ಸಂಖ್ಯೆ ನಮೂದಾಗಿರುವ ರಸೀತಿ ಪಡೆಯದೆ ಠಾಣೆಯಿಂದ ಹೊರಬರಬಾರದು.

ಬಂದೂಕಿಲ್ಲದ ರೈತರಿಗೆ ಉಳಿದಿರುವ ಅಧಿಕೃತ ದಾರಿ ಅರಣ್ಯ ಇಲಾಖೆಯ ‘ಇ–ಪರಿಹಾರ’ ತಂತ್ರಾಂಶದ ಮೂಲಕ ಬೆಳೆ ಹಾನಿ ಪರಿಹಾರ ಕೋರುವುದು. ಪರಿಹಾರದ ಮೊತ್ತ ನಷ್ಟಕ್ಕೆ ಸಮನಾಗುವುದಿಲ್ಲವೆಂಬ ದೂರು ಇದ್ದೇ ಇದೆ. ಬೇಸತ್ತು ಬೇಲಿಗೆ ನೇರ ವಿದ್ಯುತ್ ಹರಿಸುವ ಮಾರ್ಗ ಹಿಡಿದರೆ ಹಂದಿಗಿಂತ ಮೊದಲು ಸ್ವಂತ ಎತ್ತು ಅಥವಾ ನೆರೆಯವ ಬಲಿಯಾಗುವ ಸಂಭವವಿದೆ. ಅದು ಕೂಡ ಅಪರಾಧವೇ.

ಅಪ್ಪನ ಕೋವಿ

ಪರವಾನಗಿ ಎಂಬುದು ವ್ಯಕ್ತಿಗೆ ಸೇರಿದ್ದು, ಮನೆತನಕ್ಕಲ್ಲ. ಪರವಾನಗಿದಾರ ತೀರಿಕೊಂಡ ಮೇಲೆ ಅವರ ಬಂದೂಕು ಅಟ್ಟದಲ್ಲಿಯೇ ಉಳಿದರೆ, ಅದನ್ನು ಮುಟ್ಟಿಯೂ ನೋಡದ ಮಗ ಅಥವಾ ಮಗಳು ಪರವಾನಗಿ ಇಲ್ಲದ ಬಂದೂಕಿನ ಒಡೆತನದ ಆರೋಪಕ್ಕೆ ಗುರಿಯಾಗಬಹುದು. ನಗರಗಳಿಗೆ ಹೋಗಿ ನೆಲೆಸಿದ ಮಕ್ಕಳು ಹಳ್ಳಿಮನೆಗೆ ಬೀಗ ಹಾಕಿ ಹೊರಡುವಾಗ ಜಮೀನಿನ ಖಾತೆ ಬದಲಾವಣೆಯನ್ನು ನೆನೆಯುತ್ತಾರೆ, ಕೋವಿಯನ್ನು ನೆನೆಯುವುದಿಲ್ಲ.

ಹಾಗಾಗದಂತೆ ಬಂದೂಕನ್ನು ವಿಳಂಬ ಮಾಡದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಬೇಕೆಂದು ಕಲಂ 21 ಹೇಳುತ್ತದೆ. ಉಳಿಸಿಕೊಳ್ಳುವ ಇಚ್ಛೆಯಿದ್ದ ವಾರಸುದಾರರು ಇತರ ವಾರಸುದಾರರ ಒಪ್ಪಿಗೆಯೊಡನೆ ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಪರವಾನಗಿದಾರ ಬದುಕಿರುವಾಗಲೇ ಇದನ್ನು ಮಾಡಲು 2016ರ ನಿಯಮಾವಳಿ ಅವಕಾಶ ನೀಡಿದೆ. ಅವರಿಗೆ 70 ವರ್ಷವಾದಾಗ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ ವಾರಸುದಾರರು ಅರ್ಜಿ ಹಾಕಬಹುದು. ಬೇಡವಾದವರು ಠೇವಣಿ ಇಟ್ಟ ನಂತರ ಅದನ್ನು ಪರವಾನಗಿ ಇರುವವರಿಗೆ ಮಾರಲೂಬಹುದು.

ತುಕ್ಕು ಹಿಡಿದು, ರಿಪೇರಿ ಮಾಡಿದರೂ ಹಾರದ ಸ್ಥಿತಿಗೆ ತಲುಪಿದ ಹಳೆಯ ಕೋವಿಗಳಿಗೆ ಕಲಂ 45ರಲ್ಲಿ ವಿನಾಯಿತಿ ಇದೆ. ಆದರೆ ಕೋವಿ ಆ ಸ್ಥಿತಿ ತಲುಪಿದೆಯೇ ಎಂಬುದನ್ನು ಮನೆಯವರು ತಾವೇ ತೀರ್ಮಾನಿಸಿ ಅಟ್ಟದಲ್ಲಿ ಇಟ್ಟುಕೊಳ್ಳುವ ಬದಲು ಠಾಣೆಗೆ ಒಯ್ದು ತೋರಿಸಿ ಬರಹದಲ್ಲಿ ಪಡೆಯುವುದು ಸೂಕ್ತ. ಒಯ್ಯುವ ಮುನ್ನ ಠಾಣೆಗೆ ಲಿಖಿತವಾಗಿ ತಿಳಿಸಿ, ಹಳೆಯ ಪರವಾನಗಿ ಪುಸ್ತಕ ಮತ್ತು ಮರಣ ಪ್ರಮಾಣಪತ್ರದ ಪ್ರತಿಗಳನ್ನು ಜೊತೆಗಿಟ್ಟುಕೊಂಡರೆ ದಾರಿಯಲ್ಲಿ ತಡೆದವರಿಗೂ ಉತ್ತರ ಹೇಳಬಹುದು.